ಗಡಿಯಾರದ ಪಾಠ ತಪ್ಪಿದ ವಾರ

ಮನೆಯಲ್ಲಿ ಯಾರಿಗಾದರೂ ಹುಷಾರು ತಪ್ಪಿದರೆ ಮೊದಲು ಶಾಲೆ ತಪ್ಪುವುದು ಯಾರಿಗೆ ಹೇಳಿ? ಮಗುವಿಗೆ. ದೊಡ್ಡವರ ಕೆಲಸ ತಪ್ಪಬಾರದು, ಮಗುವಿನ ಪಾಠ ತಪ್ಪಿದರೆ ಪರವಾಗಿಲ್ಲ. ನಾನೂ ಹಾಗೇ ಅಂದುಕೊಂಡಿದ್ದೆ. ಅದನ್ನು ಈಗ ಬಾಯಿಬಿಟ್ಟು ಹೇಳಲು ನಾಚಿಕೆಯಾಗುತ್ತದೆ. ಆದರೂ ಹೇಳುತ್ತೇನೆ, ಕೇಳಿ.

ನಾನು ಬಸ್ ಕಂಡಕ್ಟರ್. ಹದಿಮೂರು ವರ್ಷದ ಸರ್ವಿಸ್. ಹಿಂದಿನ ಬಾಗಿಲಲ್ಲಿ ನಿಂತು ಕೂಗಿದರೆ ಡ್ರೈವರಿನ ಪಕ್ಕದಲ್ಲಿ ನಿದ್ದೆ ಹೊಡೆಯುತ್ತಿರುವವರೂ ಬೆಚ್ಚಿಬೀಳಬೇಕು. ಬಸ್ಸು ಎರಡು ನಿಮಿಷ ತಡವಾದರೆ ಡ್ರೈವರಿಗೂ ಬೈಗುಳ, ಬಾಗಿಲಲ್ಲೇ ನಿಂತು ಹರಟುವವರಿಗೂ ಬೈಗುಳ. ನಿಮಿಷದ ಬೆಲೆ ನನ್ನಷ್ಟು ಯಾರಿಗೂ ಗೊತ್ತಿಲ್ಲ ಎಂಬ ಜಂಬ ನನಗೆ. ನನ್ನವರು ಲಾರಿ ಓಡಿಸುತ್ತಾರೆ, ಒಮ್ಮೆ ಹೊರಟರೆ ಹತ್ತು ಹದಿನೈದು ದಿನ ಮುಖ ಕಾಣಿಸುವುದಿಲ್ಲ. ಮನೆಯಲ್ಲಿ ನಾನು, ನಮ್ಮತ್ತೆ, ಮೂರನೇ ತರಗತಿ ಓದುವ ಮಗಳು. ಓಡಾಟ, ಮಾತು ಎಲ್ಲದರಲ್ಲೂ ಚುರುಕು ಎಂದು ಎಲ್ಲರೂ ಅವಳನ್ನು ಚೂಟಿ ಎಂದೇ ಕರೆಯುತ್ತಾರೆ.

ಅತ್ತೆಗೆ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಮೊದಲೆಲ್ಲ ಚೂಟಿಯ ಕೈಹಿಡಿದು ದೊಡ್ಡ ರಸ್ತೆ ದಾಟಿಸಿ ಶಾಲೆಗೆ ಬಿಟ್ಟು ಬರುತ್ತಿದ್ದವರು ಅವರೇ. ಕಣ್ಣು ಮಂಜಾದ ಮೇಲೆ ಅದು ನಿಂತಿತು. "ಆಪರೇಷನ್ ಒಂದು ಆಗ್ಲಿ, ಮತ್ತೆ ನಾನೇ ನನ್ನ ಚೂಟಿನ ಕರ್ಕೊಂಡು ಹೋಗ್ತೀನಿ" ಎಂದು ಅದೊಂದೇ ಜಪ. ಕೊನೆಗೂ ಎಡಗಣ್ಣಿಗೆ ಆಪರೇಷನ್ ಆಯಿತು. ಮನೆಗೆ ಕಳಿಸುವಾಗ ಡಾಕ್ಟರು ಒಂದೇ ಮಾತು ಒತ್ತಿ ಹೇಳಿದರು. ದಿನಕ್ಕೆ ಐದು ಸಲ, ಎರಡೆರಡು ಗಂಟೆಗೊಮ್ಮೆ, ಕಣ್ಣಿಗೆ ಔಷಧಿ ಬೀಳಲೇಬೇಕು.

ಆಸ್ಪತ್ರೆಗೆಂದು ನಾನು ಆಗಲೇ ಮೂರು ದಿನ ರಜೆ ಹಾಕಿದ್ದೆ. ಮತ್ತೆ ಕೇಳಿದ್ದರೆ ಡಿಪೋದಲ್ಲಿ ಸ್ವಲ್ಪ ಗೊಣಗಿ ಕೊಡುತ್ತಿದ್ದರೋ ಏನೋ. ಕೇಳಲಿಲ್ಲ. ಎದುರುಮನೆಯಲ್ಲಿ ಟೈಲರಕ್ಕ ದಿನವಿಡೀ ಹೊಲಿಗೆ ಮೆಷಿನ್ ಮುಂದೆ ಕೂತಿರುತ್ತಾರೆ. ಒಂದು ಮಾತು ಹೇಳಿದ್ದರೆ ಓಡಿ ಬರುತ್ತಿದ್ದರು. ಅವರ ಹಂಗು ಯಾಕೆ ಎಂದು ಅದನ್ನೂ ಕೇಳಲಿಲ್ಲ. ಚೂಟಿ ಇದ್ದಾಳಲ್ಲ, ಒಂದು ವಾರ ತಾನೇ!

ಭಾನುವಾರ ಸಂಜೆ ಅವಳನ್ನು ಎದುರಿಗೆ ಕೂರಿಸಿಕೊಂಡೆ.

"ನೋಡೇ, ಎಂಟು ಗಂಟೆ, ಹತ್ತು ಗಂಟೆ, ಹನ್ನೆರಡು, ಎರಡು, ನಾಲ್ಕು. ಐದು ಸಲ. ಸೋಪು ಹಾಕಿ ಕೈ ತೊಳ್ಕೊಂಡು, ಅಜ್ಜಿ ಕಣ್ಣಿಗೆ ಒಂದೇ ಒಂದು ತೊಟ್ಟು. ಹಾಕಿದ ತಕ್ಷಣ ಈ ಹಾಳೇಲಿ ಒಂದು ಗೀಟು ಎಳಿ. ಗೊತ್ತಾಯ್ತಾ?"

ಅವಳು ಗೋಡೆ ಗಡಿಯಾರದ ಕಡೆ ನೋಡಿದಳು. "ಅಮ್ಮಾ, ಗಡಿಯಾರ ನೋಡೋದು..." ಎಂದು ರಾಗ ಎಳೆದಳು.

"ಏನೇ, ಕಂಡಕ್ಟರ್ ಮಗಳಾಗಿ ಗಡಿಯಾರ ನೋಡೋಕೆ ಬರಲ್ವಾ? ಕೇಳಿದೋರು ನಗ್ತಾರೆ!"

"ಬರುತ್ತೆ, ಬರುತ್ತೆ" ಎಂದು ತಲೆಯಾಡಿಸಿದಳು. ನಾನು ಎದ್ದು ನನ್ನ ಯೂನಿಫಾರ್ಮ್ ಇಸ್ತ್ರಿ ಮಾಡಲು ಹೋದೆ.

ಸೋಮವಾರ ಬೆಳಿಗ್ಗೆ ಆರೂವರೆಗೆ ಮನೆ ಬಿಟ್ಟೆ. ಎಂಟೂಕಾಲರ ಟ್ರಿಪ್ಪಿನಲ್ಲಿ ಚೂಟಿಯ ಟೀಚರ್ ದಿನಾ ನನ್ನ ಬಸ್ಸಿಗೇ ಹತ್ತುತ್ತಾರೆ. ಅವತ್ತು ಅವರ ತೋಳಿನಲ್ಲಿ ದೊಡ್ಡ ಚೀಲ. ಅದರ ತುಂಬ ರಟ್ಟಿನ ಗಡಿಯಾರಗಳು. ಚಪ್ಪಲಿ ಡಬ್ಬಿಯ ಮುಚ್ಚಳ ಕತ್ತರಿಸಿ, ಮಗುವಿಗೊಂದರಂತೆ ತಾವೇ ಮಾಡಿದ್ದರು.

"ಟೀಚರ್, ಈ ವಾರ ಚೂಟಿ ಬರಲ್ಲ. ಅವಳ ಅಜ್ಜಿಗೆ ಕಣ್ಣಿಗೆ ಔಷಧಿ ಹಾಕ್ಬೇಕು."

"ಅಯ್ಯೋ, ಈ ವಾರಾನೇನಾ ಚೂಟಿಯಮ್ಮ? ಇವತ್ತು ಗಡಿಯಾರ ಶುರು ಮಾಡ್ತಿದ್ದೀನಿ. ದಿನಕ್ಕೊಂದು ಮೆಟ್ಟಿಲು. ಒಂದು ತಪ್ಪಿದ್ರೆ ಮುಂದಿನದು ತಲೆಗೆ ಹತ್ತಲ್ಲ."

"ಗಡಿಯಾರದಲ್ಲಿ ಏನಿದೆ ಟೀಚರ್ ಕಲಿಯೋಕೆ? ಗೋಡೇಲಿ ನೇತಾಡ್ತಿರುತ್ತೆ, ಕತ್ತೆತ್ತಿ ನೋಡಿದ್ರೆ ಆಯ್ತು."

"ನೀವು ಯಾವಾಗ ಕಲಿತ್ರಿ, ನೆನಪಿದೆಯಾ?"

"ಹುಟ್ಟುವಾಗಲೇ ಬಂತು ಬಿಡಿ!" ಎಂದು ಟಿಕೆಟ್ ಕೊಟ್ಟೆ. ಅಕ್ಕಪಕ್ಕದ ಸೀಟಿನವರೆಲ್ಲ ನಕ್ಕರು. ಟೀಚರ್ ನಗಲಿಲ್ಲ. "ಸಂಜೆಯಾದ್ರೂ ಕಳಿಸಿ, ಹತ್ತು ನಿಮಿಷ ಹೇಳ್ಕೊಡ್ತೀನಿ" ಎಂದರು. ನಾನು ಆಗಲೇ ಮುಂದಿನ ಸೀಟಿಗೆ ಹೋಗಿದ್ದೆ.

ಸಂಜೆ ಮನೆಗೆ ಬಂದು ಮೊದಲು ಹಾಳೆ ನೋಡಿದೆ. ಐದು ಗೀಟು, ಸಾಲಾಗಿ. ಜಾಣೆ ಎಂದು ಅವಳ ಕೆನ್ನೆ ಹಿಂಡಿದೆ. ಶಾಲೆಯಲ್ಲಿ ಈ ವಾರ ಗಡಿಯಾರ ನೋಡುವ ಪಾಠವಂತೆ ಎಂದು ಅತ್ತೆಗೆ ಹೇಳಿ ನಕ್ಕೆ.

ಮಂಗಳವಾರ ಟೀಚರ್ ಬಸ್ಸು ಹತ್ತುತ್ತಲೇ ನಗುತ್ತಿದ್ದರು. "ನಿನ್ನೆ ಕ್ಲಾಸಲ್ಲಿ ಏನು ಗಲಾಟೆ ಅಂತೀರಿ! ಉದ್ದ ಮುಳ್ಳೇ ಗಂಟೆ ತೋರ್ಸೋದು ಅಂತ ಎಲ್ಲಾ ಮಕ್ಕಳದೂ ಒಂದೇ ಹಟ. ದೊಡ್ಡದು ತಾನೇ ಯಜಮಾನ, ಅಂತಾರೆ. ಗಿಡ್ಡ ಮುಳ್ಳು ಗಂಟೆದು ಅಂತ ಒಪ್ಪಿಸೋಕೆ ಇಡೀ ದಿನ ಹಿಡೀತು."

ನಾನೂ ಹೊಟ್ಟೆ ಹಿಡಿದುಕೊಂಡು ನಕ್ಕೆ. ಮುಂದೆ ಹೋಗಿ ಡ್ರೈವರಿಗೂ ಹೇಳಿ ನಗಿಸಿದೆ. ನನ್ನ ಮನೆಯಲ್ಲೂ ಅದೇ ವಯಸ್ಸಿನ ಮಗು ಗಡಿಯಾರದ ಮುಂದೆ ತಾನೊಂದೇ ನಿಂತಿದೆ ಎಂದು ನನಗೆ ಹೊಳೆಯಲಿಲ್ಲ. ಇಷ್ಟು ಹತ್ತಿರ ಬಂದು, ಕಿವಿಯಲ್ಲೇ ಹೇಳಿದಂತೆ ಹೇಳಿದರೂ ಹೊಳೆಯಲಿಲ್ಲವಲ್ಲ! ಇವತ್ತಿಗೂ ಆ ಮಂಗಳವಾರ ನೆನೆಸಿಕೊಂಡರೆ ಹಣೆ ಚಚ್ಚಿಕೊಳ್ಳುವ ಹಾಗಾಗುತ್ತದೆ.

ಅವತ್ತು ಸಂಜೆ ಅತ್ತೆ ಹೇಳಿದರು: "ಅಲ್ಲ ಕಣಮ್ಮ, ಈ ಔಷಧಿ ಬೆಳಿಗ್ಗೆ ಒಂದರ ಹಿಂದೆ ಒಂದು ಬೀಳುತ್ತೆ. ಆಮೇಲೆ ಮಧ್ಯಾಹ್ನವೆಲ್ಲ ಇಲ್ವೇ ಇಲ್ಲ. ಈಗ ತಾನೇ ಹಾಕಿದ್ಯಲ್ಲೇ ಅಂದ್ರೆ, ಗಡಿಯಾರ ಹೇಳ್ತಿದೆ ಅಜ್ಜಿ ಅಂತಾಳೆ. ನನಗೇನು ಗೊತ್ತಾಗುತ್ತೆ, ಓದಿದೋಳು ಅವಳು."

"ಅತ್ತೆ, ಹಾಳೇಲಿ ಐದು ಗೀಟಿದೆ. ನೀವು ಮಧ್ಯೆ ಮಧ್ಯೆ ಜೊಂಪು ಹತ್ತಿ ಮಲಗಿಬಿಡ್ತೀರ, ಹೊತ್ತು ಗೊತ್ತಾಗಲ್ಲ ಅಷ್ಟೇ."

ಅವರು ಸುಮ್ಮನಾದರು. ಸುಮ್ಮನಾಗಿಸಿದ್ದು ನಾನು.

ಬುಧವಾರ ಕಣ್ಣು ಕೆಂಪಗಾಯಿತು. ಅವತ್ತು ಬಸ್ಸಿನಲ್ಲಿ ಟೀಚರ್, "ಇವತ್ತು ಐದೈದಾಗಿ ನಿಮಿಷ ಎಣಿಸೋದು. ಚೂಟಿ ಇದ್ದಿದ್ರೆ ಎಲ್ಲರಿಗಿಂತ ಮೊದಲು ಹೇಳೋಳು. ಸಂಜೆ ನಾನೇ ಮನೆಗೆ ಬರ್ಲಾ?" ಎಂದರು. ನಮ್ಮ ಮನೆ ಅವತ್ತು ಮೂರು ದಿನದ ಬಟ್ಟೆ, ಪಾತ್ರೆ ಹರಡಿಕೊಂಡು ನೋಡುವ ಹಾಗಿರಲಿಲ್ಲ. "ನಿಮಗ್ಯಾಕೆ ತೊಂದರೆ ಟೀಚರ್, ಬರೋ ವಾರ ಬಂದೇ ಬರ್ತಾಳಲ್ಲ" ಎಂದುಬಿಟ್ಟೆ.

ಗುರುವಾರ ಟೈಲರಕ್ಕ ಬಾಗಿಲಿಂದಲೇ ಕೂಗಿ ಕೇಳಿದರು. "ನಿಮ್ಮತ್ತೆ ಕಣ್ಣು ಅಷ್ಟು ಕೆಂಪಗಿದೆಯಲ್ರೀ, ಒಂದ್ಸಲ ತೋರಿಸ್ಬಾರ್ದಾ?"

"ಆಪರೇಷನ್ ಆದ ಕಣ್ಣು ಕೆಂಪಗಾಗದೆ ಹಸಿರಾಗುತ್ತೇನ್ರೀ?" ಎಂದೆ. ನನ್ನ ಬಾಯಿ ಹಾಗೇ. ಬಸ್ಸಿನಲ್ಲಿ ಅದು ಕೆಲಸಕ್ಕೆ ಬರುತ್ತದೆ, ಮನೆಯಲ್ಲಿ ಅದರಿಂದಲೇ ಕೆಟ್ಟೆ.

ಶುಕ್ರವಾರ ಅತ್ತೆ ಗೋಡೆ ಕಡೆ ತಿರುಗಿ ಮಲಗಿಯೇ ಇದ್ದರು. ನೋವು ಎಂದು ಹೇಳಲಿಲ್ಲ. ಹೇಳಿದರೆ ಏನು ಉತ್ತರ ಸಿಗುತ್ತದೆ ಎಂದು ಅವರಿಗೆ ಗೊತ್ತಾಗಿತ್ತು. ಹಾಳೆಯಲ್ಲಿ ಮಾತ್ರ ಐದು ಗೀಟು.

ಶನಿವಾರ ಬೆಳಿಗ್ಗೆ ಕಣ್ಣು ಊದಿ ಮುಚ್ಚಿಹೋಗಿತ್ತು. ರೆಪ್ಪೆಯ ಸಂದಿಯಲ್ಲಿ ಕೀವು. ಡ್ಯೂಟಿ ಗೀಟಿ ಎಲ್ಲ ಮರೆತು ಮೂವರೂ ಆಸ್ಪತ್ರೆಗೆ ಓಡಿದೆವು. ಒಂದು ವಾರ ನಾನು ಕೇಳದೇ ಇದ್ದ ರಜೆ ಅವತ್ತು ಒಂದೇ ಫೋನಿಗೆ ಸಿಕ್ಕಿತು.

ಡಾಕ್ಟರು ಲೈಟು ಬಿಟ್ಟು ಕಣ್ಣು ನೋಡಿದರು. ಅವರ ಮುಖ ಗಂಟಿಕ್ಕಿತು. "ಔಷಧಿ ಸರಿಯಾಗಿ ಹಾಕಿದ್ರಾ?"

"ಒಂದೂ ತಪ್ಪಿಸಿಲ್ಲ ಡಾಕ್ಟ್ರೇ" ಎಂದು ನಾನು ಹೆಮ್ಮೆಯಿಂದ ಹಾಳೆ ತೆಗೆದು ಮುಂದಿಟ್ಟೆ.

ಅವರು ಹಾಳೆ ನೋಡಿ, ಚೂಟಿಯನ್ನು ಹತ್ತಿರ ಕರೆದರು. "ನೀನೇ ಹಾಕಿದ್ದಾ ಪುಟ್ಟಿ? ಮೊದಲನೇದು ಎಷ್ಟು ಹೊತ್ತಿಗೆ?"

"ಎಂಟು ಗಂಟೆಗೆ."

"ಎಂಟು ಗಂಟೆ ಅಂತ ಹೇಗೆ ಗೊತ್ತಾಗುತ್ತೆ? ನೋಡು, ಅಲ್ಲಿ ಗಡಿಯಾರ ಇದೆ. ತೋರ್ಸು ನೋಡೋಣ."

ಗೋಡೆ ಗಡಿಯಾರದಲ್ಲಿ ಆಗ ಒಂಬತ್ತು ನಲವತ್ತು. ಚೂಟಿ ಕತ್ತೆತ್ತಿ ನೋಡಿದಳು. ಉದ್ದ ಮುಳ್ಳು ಎಂಟರ ಮೇಲೆ ನಿಂತಿತ್ತು.

"ಈಗಲೇ ಎಂಟು ಗಂಟೆ" ಎಂದಳು.

ನನಗೆ ಕೂತ ಜಾಗದಲ್ಲೇ ಎಲ್ಲ ಅರ್ಥವಾಯಿತು. ಆರೂವರೆಗೆ ನಾನು ಬಾಗಿಲು ದಾಟುತ್ತಿದ್ದೆ. ಹತ್ತು ನಿಮಿಷಕ್ಕೆ ಉದ್ದ ಮುಳ್ಳು ಎಂಟಕ್ಕೆ ಬರುತ್ತಿತ್ತು, ಒಂದು ತೊಟ್ಟು. ಇನ್ನು ಹತ್ತು ನಿಮಿಷಕ್ಕೆ ಹತ್ತಕ್ಕೆ, ಇನ್ನೊಂದು ತೊಟ್ಟು. ಆಮೇಲೆ ಹನ್ನೆರಡು, ಎರಡು, ನಾಲ್ಕು. ಏಳು ಇಪ್ಪತ್ತಕ್ಕೆಲ್ಲ ದಿನದ ಐದೂ ಮುಗಿದು, ಮಾರನೇ ಬೆಳಿಗ್ಗೆವರೆಗೆ ಆ ಕಣ್ಣಿಗೆ ಒಂದು ಹನಿಯೂ ಇಲ್ಲ. ಮಗು ಒಂದು ಸುಳ್ಳು ಗೀಟನ್ನೂ ಎಳೆದಿರಲಿಲ್ಲ. ಹೇಳಿದ್ದನ್ನು ಚಾಚೂ ತಪ್ಪದೆ ಮಾಡಿತ್ತು, ತನಗೆ ತಿಳಿದ ಹಾಗೆ.

"ಗೊತ್ತಿಲ್ಲದಿದ್ರೆ ಕೇಳ್ಬಾರ್ದೇನೇ?" ಎಂದು ನನ್ನ ದನಿ ಏರಿತು.

ಅವಳು ಗಡಿಯಾರದಿಂದ ಕಣ್ಣು ತೆಗೆದು ನನ್ನನ್ನು ನೋಡಿದಳು. "ಕೇಳೋಕೆ ಬಂದೆ ಅಮ್ಮಾ. ನೀನು, ಕೇಳಿದೋರು ನಗ್ತಾರೆ ಅಂದ್ಯಲ್ಲ."

ಅತ್ತೆ ಕತ್ತಲಲ್ಲಿ ತಡಕಿದಂತೆ ತಡಕಿ ಅವಳನ್ನು ಹತ್ತಿರ ಎಳೆದುಕೊಂಡರು. "ಮಗೂನ ಬೈಬೇಡ ಕಣಮ್ಮ. ಅವಳ ಕ್ಲಾಸಿನ ಮಕ್ಕಳೆಲ್ಲ ಈ ವಾರ ಕಲಿತ್ರಲ್ಲ, ಅದನ್ನ ಇವಳಿಗೆ ನಾವೇ ತಪ್ಪಿಸಿದ್ವಿ."

ಅತ್ತೆ ಹದಿನೇಳು ದಿನ ಆಸ್ಪತ್ರೆಯಲ್ಲಿದ್ದರು. ಡಾಕ್ಟರು ಮಾಡಬಹುದಾದ್ದನ್ನೆಲ್ಲ ಮಾಡಿದರು. ಹೊತ್ತು ಹೊತ್ತಿಗೆ ಔಷಧಿ ಬಿದ್ದಿದ್ದರೆ, ಕೆಂಪಗಾದ ದಿನವೇ ಕರೆತಂದಿದ್ದರೆ, ಇಷ್ಟಾಗುತ್ತಿರಲಿಲ್ಲವೇನೋ ಎಂದರು. ಎಡಗಣ್ಣಿಗೆ ಈಗ ಬೆಳಕು ಯಾವುದು, ಕತ್ತಲು ಯಾವುದು ಎಂದಷ್ಟೇ ಗೊತ್ತಾಗುತ್ತದೆ. ಇನ್ನು ಅದು ಅಷ್ಟೇ.

ಅತ್ತೆಯನ್ನು ಆಸ್ಪತ್ರೆಗೆ ಸೇರಿಸಿದ ಎರಡನೇ ದಿನ, ಸೋಮವಾರವೇ, ಚೂಟಿಯನ್ನು ನಾನೇ ಶಾಲೆಗೆ ಕರೆದುಕೊಂಡು ಹೋಗಿ, ಟೀಚರ್ ಮುಂದೆ ಎಲ್ಲ ಹೇಳಿಕೊಂಡು ಅತ್ತುಬಿಟ್ಟೆ. ನಾನು ಮೊದಲೇ ಹೇಳಿರಲಿಲ್ವಾ ಎಂದು ಅವರು ಒಂದು ಮಾತು ಅಂದಿದ್ದರೆ ನನಗೆ ಸಮಾಧಾನವಾಗುತ್ತಿತ್ತೇನೋ. ಅನ್ನಲಿಲ್ಲ. "ಏನೇನು ತಪ್ಪಿದೆ ಅಂತ ನನ್ನ ಹತ್ರ ಬರೆದಿಟ್ಟಿದ್ದೀನಿ. ದಿನಾ ಊಟದ ಬಿಡುವಲ್ಲಿ ಸ್ವಲ್ಪ ಸ್ವಲ್ಪ ಕಲಿಸ್ತೀನಿ" ಎಂದರು. ನಾಲ್ಕನೇ ದಿನಕ್ಕೆ ಚೂಟಿ ಗಂಟೆ, ನಿಮಿಷ ಎರಡೂ ಪಟಪಟ ಹೇಳುತ್ತಿದ್ದಳು. ಬರೀ ನಾಲ್ಕು ದಿನದ ಕೆಲಸ! ಹಾಗೆಂದು ತಿಳಿದಾಗ ಸಂತೋಷಪಡಬೇಕಿತ್ತು. ಆದರೆ ಆ ನಾಲ್ಕು ದಿನ ತಪ್ಪಿಸಿದ್ದಕ್ಕೆ ಅತ್ತೆಯ ಒಂದು ಕಣ್ಣೇ ಹೋಗಿತ್ತು.

ಐದು ತಿಂಗಳ ಮೇಲೆ ಬಲಗಣ್ಣಿಗೆ ಆಪರೇಷನ್ ಆಯಿತು. ಈ ಸಲ ನಾನು ರಜೆ ಕೇಳಿದೆ, ಕೊಟ್ಟರು. ರಜೆ ಮುಗಿದ ಮೇಲೆ ಟೈಲರಕ್ಕನ ಬಾಗಿಲಿಗೆ ಹೋಗಿ, "ಅಕ್ಕಾ, ನಿಮ್ಮಿಂದ ಒಂದು ಉಪಕಾರ ಆಗ್ಬೇಕು" ಎಂದೆ. "ಹೋದ ಸಲಾನೇ ಕರೀಬಾರ್ದಿತ್ತೇನ್ರೀ, ಮೆಷಿನ್ ಏನು ಓಡಿ ಹೋಗ್ತಿತ್ತಾ?" ಎಂದು ಅವರು ಬೈದೇ ಬಂದರು. ಚೂಟಿಗೆ ಒಂದು ದಿನವೂ ಶಾಲೆ ತಪ್ಪಲಿಲ್ಲ. ಆ ಕಣ್ಣು ಚೆನ್ನಾಗಿದೆ.

ಕೇಳುತ್ತಿರುವ ಅಮ್ಮಂದಿರೇ, ಅಪ್ಪಂದಿರೇ, ನಾನು ದೊಡ್ಡ ಮಾತು ಹೇಳುವವಳಲ್ಲ. ಒಂದು ವಾರದಲ್ಲಿ ಶಾಲೆಯಲ್ಲಿ ಏನಾಗುತ್ತದೆ ಎಂದು ಹಗುರವಾಗಿ ನೋಡಬೇಡಿ. ನಮಗೆ ಹುಟ್ಟುವಾಗಲೇ ಬಂದ ಹಾಗೆ ಕಾಣುವುದೆಲ್ಲ ಯಾವುದೋ ಒಂದು ವಾರ ಯಾರೋ ಒಬ್ಬ ಟೀಚರ್ ಕಲಿಸಿದ್ದೇ. ಮನೆಯಲ್ಲಿ ಕಾಯಿಲೆಯವರಿದ್ದರೆ ರಜೆ ನೀವು ಕೇಳಿ, ಇಲ್ಲವೇ ನೆರೆಯವರ ಬಾಗಿಲು ತಟ್ಟಿ. ತೀರಾ ಬೇರೆ ದಾರಿಯೇ ಇಲ್ಲದೆ ಮಗುವಿಗೆ ಶಾಲೆ ತಪ್ಪಿದರೆ, ಏನು ಪಾಠ ಆಯಿತು ಎಂದು ಹೋಗಿ ವಿಚಾರಿಸಿ, ಅದನ್ನು ಕಲಿಸಿಕೊಡಿ ಎಂದು ಕೇಳಿ. ಟೀಚರಿಗೆ ಅದು ತೊಂದರೆಯಲ್ಲ. ಔಷಧಿಯ ಕೆಲಸ ಮಗುವಿನ ತಲೆಗೆ ಕಟ್ಟಲೇಬೇಡಿ. ಮತ್ತೆ, ಮಗು ನನಗೆ ಬರಲ್ಲ ಎಂದು ಬಾಯಿ ತೆರೆದಾಗ, ದಯವಿಟ್ಟು, ಆ ಮಾತು ಪೂರ್ತಿ ಆಗಲು ಬಿಡಿ.

ಈಗ ಬೆಳಿಗ್ಗೆ ಅತ್ತೆಯೇ ಚೂಟಿಯನ್ನು ಶಾಲೆಗೆ ಕರೆದುಕೊಂಡು ಹೋಗುತ್ತಾರೆ. ಚೂಟಿ ಅಜ್ಜಿಯ ಎಡಗಡೆ ಮಾತ್ರ ನಡೆಯುವುದಿಲ್ಲ. ಯಾವಾಗಲೂ ಬಲಗಡೆಗೆ ಸುತ್ತಿ ಬಂದು ಕೈಹಿಡಿದುಕೊಳ್ಳುತ್ತಾಳೆ, ಅಜ್ಜಿಗೆ ತಾನು ಕಾಣಿಸಬೇಕಲ್ಲ. ಯಾಕೆ ಎಂದು ಯಾರಾದರೂ ಕೇಳಿದರೆ ತಲೆ ತಗ್ಗಿಸುತ್ತಾಳೆ. ತಪ್ಪು ನಂದು, ನಿಂದಲ್ಲ ಎಂದು ನಾನು ನೂರು ಸಲ ಹೇಳಿದ್ದೇನೆ. ಅವಳು ನಂಬುವುದಿಲ್ಲ. ಎಂಟು ವರ್ಷದ ಮಗುವಿಗೆ ತಪ್ಪು ತನ್ನದೇ ಎಂಬ ಈ ಪಾಠ ಕಲಿಸಿದ್ದು ಶಾಲೆಯಲ್ಲ, ನಾನು. ನಿಮ್ಮ ಮಗುವನ್ನು ನಾಳೆ ಶಾಲೆಗೆ ಕಳಿಸಿ.