ಒಳಗೆ ತಳ್ಳಿದ ಬಂಡಿ

ಹೊಸ ಅಗ್ನಿಶಾಮಕ ಠಾಣೆಯಲ್ಲಿ ಬಣ್ಣದ ವಾಸನೆ ಇನ್ನೂ ಆರಿರಲಿಲ್ಲ. ಅಮೆರಿಕದ ಐಡಾಹೊ ರಾಜ್ಯದ ಈ ನಗರದ ಅಂಚಿನಲ್ಲಿ ಸಕ್ಕರೆ ಬೀಟ್ ಬೆಳೆಯುತ್ತಿದ್ದ ಹೊಲಗಳೆಲ್ಲ ಮನೆಗಳಾಗಿ ವರ್ಷಗಳೇ ಕಳೆದಿದ್ದವು. ಇದ್ದೊಂದು ಹಳೆಯ ಠಾಣೆ ಮಾತ್ರ ನದಿಯ ಆಚೆ ದಡದಲ್ಲೇ ಉಳಿದಿತ್ತು. ಕಳೆದ ಚಳಿಗಾಲದಲ್ಲಿ ಈಚೆ ದಡದ ನಿವಾಸಿ ಅರ್ಲೋ ಎದೆ ಹಿಡಿದುಕೊಂಡು ತನ್ನ ಅಡುಗೆಮನೆಯಲ್ಲಿ ಕುಸಿದಾಗ, ತುರ್ತು ಚಿಕಿತ್ಸೆಯವರನ್ನು ಹೊತ್ತು ಅಲ್ಲಿಂದ ಹೊರಟ ಅಗ್ನಿಶಾಮಕ ಬಂಡಿ ಸೇತುವೆಯ ಮೇಲೆ ಕಾರುಗಳ ನಡುವೆ ಸಿಕ್ಕಿಕೊಂಡಿತ್ತು. ಅವನು ಉಳಿದದ್ದೇ ಹೆಚ್ಚು.

ಆಸ್ಪತ್ರೆಯಿಂದ ಮರಳಿದ ದಿನ ಅವನ ಹೆಂಡತಿ ಲವೀನಾ ಹೇಳಿಬಿಟ್ಟಿದ್ದಳು: ಠಾಣೆ ಇತ್ತ ಬಂದರೆ ಇಲ್ಲಿರುವುದು, ಬರದಿದ್ದರೆ ಮನೆ ಮಾರಿ ಆಸ್ಪತ್ರೆಯ ಪಕ್ಕಕ್ಕೆ ಹೋಗುವುದು. ಆ ಮನೆಯ ಒಂದೊಂದು ಹಲಗೆಯನ್ನೂ ಅರ್ಲೋ ತನ್ನ ಕೈಯಾರೆ ಜೋಡಿಸಿದ್ದ.

ಹೊಸ ಠಾಣೆಗೆ ಮೊದಲ ಸಲ ಬಂಡಿಯನ್ನು ಓಡಿಸಿ ತರುವುದಿಲ್ಲ. ಊರವರು ಕೈಯಿಂದ ತಳ್ಳಿ ಒಳಗೆ ಸೇರಿಸುತ್ತಾರೆ. ಕುದುರೆ ಕಟ್ಟುತ್ತಿದ್ದ ಕಾಲದ ಪದ್ಧತಿ. ಉದ್ಘಾಟನೆಯ ದಿನ ಅರ್ಲೋ ತಾನೂ ತಳ್ಳಲು ಕುರ್ಚಿಯಿಂದ ಎದ್ದು ಬಂದ.

"ಏಯ್, ದೂರ ನಿಲ್ಲೋ," ಎಂದ ಪಕ್ಕದ ಮನೆಯ ಡೆಲ್ಬರ್ಟ್. "ನೀನು ಬಿದ್ರೆ ಉದ್ಘಾಟನೆ ಕೆಟ್ಟುಹೋಗುತ್ತೆ."

"ಬಿದ್ರೆ ಇಲ್ಲೇ ಬೀಳ್ತೀನಿ. ಬಂಡಿ ಇಷ್ಟು ಹತ್ರ ಇನ್ಯಾವತ್ತು ಸಿಗುತ್ತೆ?"

ಎಲ್ಲರೂ ನಕ್ಕರು. ಎಲ್ಲರೂ ತಳ್ಳಿದರು. ಕೇಕ್ ಹಂಚುವಾಗ ಲವೀನಾ ಅಗ್ನಿಶಾಮಕ ದಳದ ಕ್ಯಾಪ್ಟನ್ ಇಬಾರಾನನ್ನು ಕೇಳಿದಳು.

"ಇವತ್ತಿಂದ ಇಲ್ಲಿ ಯಾರಿರ್ತಾರೆ ಕ್ಯಾಪ್ಟನ್?"

ಅವನು ಕೈಯಲ್ಲಿದ್ದ ತಟ್ಟೆ ಕೆಳಗಿಟ್ಟ. "ಯಾರೂ ಇಲ್ಲ ಮೇಡಂ. ಸಂಜೆ ಬಂಡಿ ವಾಪಸ್ ಹೋಗುತ್ತೆ. ಠಾಣೆಗೆ ತೆರಿಗೆ ಕೊಡ್ತೀರಾ ಅಂತ ಮತಚೀಟಿಲಿ ಎರಡು ಪ್ರಶ್ನೆ ಇತ್ತಲ್ಲ. ಕಟ್ಟಡಕ್ಕೆ ತೆರಿಗೆ ಕೊಡ್ತೀವಿ ಅಂದ್ರಿ. ಸಿಬ್ಬಂದಿ ಸಂಬಳಕ್ಕೆ ಬೇಡ ಅಂದ್ರಿ. ಕಟ್ಟಡದ ದುಡ್ಡನ್ನ ಸಂಬಳಕ್ಕೆ ಮುಟ್ಟೋ ಹಾಗಿಲ್ಲ."

"ಒಂದೇ ಠಾಣೆಗೆ ಎರಡು ಸಲ ಕೇಳ್ತಾವ್ರೆ, ಯಾಮಾರಿಸ್ತಾವ್ರೆ ಅಂದ್ಕೊಂಡೆ," ಎಂದ ಡೆಲ್ಬರ್ಟ್. ಅವನ ಗಡ್ಡದಲ್ಲಿ ಕ್ರೀಮ್ ಅಂಟಿತ್ತು. "ಈ ಬೀದಿಲಿ ಎಲ್ಲರೂ ಹಾಗೇ ಅಂದ್ಕೊಂಡಿದ್ವಿ."

ಲವೀನಾಗೆ ಬೈಗುಳ ನಾಲಿಗೆಯ ತುದಿಗೆ ಬಂತು. ಆದರೆ ಬಾಗಿಲು ಬಾಗಿಲಿಗೆ ಹೋಗಿ ಕಟ್ಟಡಕ್ಕೆ ಮತ ಕೇಳಿದವಳು ಅವಳೇ. ಎರಡನೆಯ ಪ್ರಶ್ನೆಯ ಮಾತನ್ನೇ ಎತ್ತಿರಲಿಲ್ಲ. ಠಾಣೆ ಎದ್ದರೆ ಸಿಬ್ಬಂದಿ ತಾವಾಗಿ ಬರುತ್ತಾರೆ ಎಂದುಕೊಂಡಿದ್ದಳು.

ಸಂಜೆ ಬಂಡಿ ಹೊರಟಿತು. ತಳ್ಳಿದವರೆಲ್ಲ ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಅದು ಸೇತುವೆಯ ಕಡೆಗೆ ತಿರುಗುವವರೆಗೂ ಯಾರೂ ಕಾರು ಹತ್ತಲಿಲ್ಲ.

"ಸಂಬಳದ ಪ್ರಶ್ನೆನ ನವೆಂಬರ್ ಮತದಾನದಲ್ಲಿ ಮತ್ತೆ ಕೇಳ್ತಾರಂತೆ," ಎಂದಳು ಲವೀನಾ. "ಡೆಲ್ಬರ್ಟ್, ಕಾಲುವೆ ಆಚೆ ಮನೆಗಳಿಗೆ ನೀನು ಹೋಗು. ಈಚೆವಕ್ಕೆ ನಾನು ಹೋಗ್ತೀನಿ."

"ನಾನಾ? ಬೇಡ ಅಂದೋನೇ ನಾನು!"

"ಅದನ್ನೇ ಹೇಳು. ನಿನ್ನ ಮಾತೇ ಕೇಳ್ತಾರೆ."

ಅರ್ಲೋ ಖಾಲಿ ಠಾಣೆಯೊಳಗೆ ಟೈರಿನ ಗುರುತನ್ನು ನೋಡುತ್ತ ನಿಂತಿದ್ದ. "ಹಾಗಾದ್ರೆ ಮನೆ ಮಾರೋದು?"

ಲವೀನಾ ಅವನ ಕುರ್ಚಿಯನ್ನು ಮಡಚಿ ಕಂಕುಳಲ್ಲಿ ಇಟ್ಟುಕೊಂಡಳು.

"ಮಾರಲ್ಲ. ನವೆಂಬರ್ ತನಕ ನೀನು ಸಾಯಬೇಡ, ಅಷ್ಟೆ."