ಸಕ್ಕರೆ ಉದುರಿಸಿದ ವರ್ಷ

"ಎರಡು ಸಾವಿರದ ಹತ್ತು ಎಲ್ಲಿದೆ?" ಎಂದು ಗೆಥಿನ್ ಕೇಳಿದ.

ನೆರಿಸ್ ಮೇಜಿನ ಮೇಲಿದ್ದ ಹಾಳೆಗಳನ್ನು ಮತ್ತೊಮ್ಮೆ ಸರಿಸಿದಳು, ಸರಿಸಿದರೆ ಹುಟ್ಟಿಕೊಂಡೀತು ಎಂಬಂತೆ. ಎಲ್ಲವೂ ಊರಿನ ಆಗಸ್ಟ್ ಪ್ರದರ್ಶನದ ಬಹುಮಾನ ಪಟ್ಟಿಗಳು. 2007, ಟೊಮ್ಯಾಟೊ ಚಟ್ನಿ, ಮೂರನೆಯ ಸ್ಥಾನ, ನೆರಿಸ್ ಪ್ರೋಬರ್ಟ್. 2008, ಈರುಳ್ಳಿ ಉಪ್ಪಿನಕಾಯಿ, ಎರಡನೆಯದು. 2009, ಒಣಹಣ್ಣಿನ ಬ್ರೆಡ್ಡು, ಮೊದಲನೆಯದು. 2011ರಲ್ಲಂತೂ ನಾಲ್ಕು ವಿಭಾಗಗಳಲ್ಲಿ ಮೊದಲನೆಯದು. ಅಲ್ಲಿಂದಾಚೆಗೆ ಶಾಲೆಯ ಅಡುಗೆಮನೆಯ ಸಂಬಳದ ಚೀಟಿಗಳಿದ್ದವು, ತಿಂಗಳು ತಿಂಗಳಿಗೂ. ನಡುವಿನ ಒಂದು ವರ್ಷ ಮಾತ್ರ ಬಿದ್ದುಹೋದ ಹಲ್ಲಿನಂತೆ ಖಾಲಿ.

ನೆರಿಸ್ ಕೊಳ್ಳಬೇಕೆಂದಿದ್ದ ಟೀ ಇಸಾ ಎಂಬ ಮನೆಯ ಪತ್ರದಲ್ಲೇ ಷರತ್ತು ಬರೆದಿತ್ತು. ಈ ಊರಿನಲ್ಲಿ ಹತ್ತು ವರ್ಷ ಎಡೆಬಿಡದೆ ಬಾಳಿದವರಿಗೆ ಮಾತ್ರ ಮಾರಬೇಕು. ಅಂಥವರು ಮಾರ್ಚ್ ಮುಗಿಯುವುದರೊಳಗೆ ಸಿಗದಿದ್ದರೆ ಷರತ್ತು ತಾನಾಗಿ ಬಿದ್ದುಹೋಗುತ್ತದೆ. ಆಮೇಲೆ ಯಾರಿಗೆ ಮಾರಿದರೂ ಸರಿ. ಯಾರಿಗೆ ಎಂಬುದು ಊರಿಗೆಲ್ಲ ಗೊತ್ತಿತ್ತು. ಬರ್ಮಿಂಗ್‌ಹ್ಯಾಮಿನ ದಂಪತಿ ಎರಡು ಸಲ ಬಂದು ಪರದೆಗೆಂದು ಕಿಟಕಿಗಳ ಅಳತೆ ತೆಗೆದುಕೊಂಡು ಹೋಗಿದ್ದರು. ಕುಮ್ ಹೆಸ್ಗಿನ್ ಊರಿನ ಮೂವತ್ತೊಂದು ಮನೆಗಳಲ್ಲಿ ಹದಿನಾಲ್ಕು ಈಗಾಗಲೇ ಹಾಗೆ, ಬೇಸಿಗೆ ರಜೆಗಷ್ಟೇ ಬರುವ ಹೊರಗಿನವರ ಪಾಲಾಗಿದ್ದವು. ಚಳಿಗಾಲದಲ್ಲಿ ಅವುಗಳ ಹೊಗೆಗೂಡಿನಲ್ಲಿ ಕಾಗೆಗಳಷ್ಟೇ ಸಂಸಾರ ಹೂಡುತ್ತಿದ್ದವು.

ಬ್ಯಾಂಕು ಒಪ್ಪಿತ್ತು. ಮಾರುವವರು ಒಪ್ಪಿದ್ದರು. ಈ ಶನಿವಾರ ಬೆಳಗ್ಗೆ ಶಾಲೆಯ ಹಾಲಿನಲ್ಲಿ ಕೂತು, ಕಾಗದಪತ್ರ ನೋಡಿ, ಒಪ್ಪಬೇಕಾದವನು ಗೆಥಿನ್ ಒಬ್ಬನೇ. ಜಿಲ್ಲಾ ಕಚೇರಿಯವನು. ಕೆಟ್ಟವನೇನಲ್ಲ, ಹಾಳೆಗಳನ್ನು ತಿರುಗಿಸುವಾಗ ಅವುಗಳ ಮೂಲೆ ಮಡಚದಂತೆ ನೋಡಿಕೊಳ್ಳುತ್ತಿದ್ದ.

"ನೀವು ಇಲ್ಲೇ ಇದ್ರಿ ಅನ್ನೋದ್ರಲ್ಲಿ ನಂಗೇನೂ ಅನುಮಾನ ಇಲ್ಲ, ಮಿಸ್ ಪ್ರೋಬರ್ಟ್. ಆದ್ರೆ ನನ್ನ ನಂಬಿಕೆನ ಫೈಲಿಗೆ ಹಾಕೋಕಾಗಲ್ವಲ್ಲ."

"ನನ್ನ ಕೊಟ್ಟಿಗೆ ಹಿಂದೇನೇ ಇದ್ಲು ಕಣಯ್ಯ," ಎಂದ ಇವೋರ್, ಮುಂದಿನ ಸಾಲಿನಿಂದ. ಅವನ ಬ್ರಿನ್ ತೋಟದ ಹೊಲದಲ್ಲಿ ನಿಂತಿದ್ದ ಕ್ಯಾರವಾನ್ ಎಂಬ ಗಾಲಿಮನೆಯಲ್ಲೇ ನೆರಿಸ್ ಹತ್ತು ವರ್ಷ ಕಳೆದದ್ದು. ಮೊದಲ ಐದು ವರ್ಷ ಅವನ ಕುರಿಗಳಿಗೆ ಬಾಣಂತನ ಮಾಡಿದ್ದಳು. ಕೂಲಿ ಕೈಗೆ, ಕರೆಂಟ್ ಬಿಲ್ಲು ಅವನ ಹೆಸರಿಗೆ. "ಹತ್ತು ವರ್ಷ ನನ್ನ ಕರೆಂಟು ಸುಟ್ಟಿದಾಳೆ. ನಂಗೊತ್ತಿಲ್ವಾ?"

"ಬಾಯಿಮಾತು ಸಾಲಲ್ಲ. ಆ ವರ್ಷವೇ ಬರೆದಿಟ್ಟಿದ್ದು ಏನಾದ್ರೂ ಬೇಕು."

"ಕುರಿಗೆ ಓದುಬರಹ ಬಂದಿದ್ರೆ ನಾನೂರು ಸಾಕ್ಷಿ ಕರ್ಕೊಂಡು ಬರ್ತಿದ್ದೆ."

ಹಾಲಿನಲ್ಲಿದ್ದ ಇಪ್ಪತ್ತು ಮಂದಿಯೂ ನಕ್ಕರು. ಕೊನೆಯ ಸಾಲಿನಲ್ಲಿ ಕೈಚೀಲವನ್ನು ಮಡಿಲಲ್ಲಿಟ್ಟು ಕೂತಿದ್ದ ಮಿಸೆಸ್ ಮೊರ್ವಿದ್ ಪ್ಯೂ ಮಾತ್ರ ನಗಲಿಲ್ಲ.

ನೆರಿಸ್ ಅತ್ತ ತಿರುಗಲಿಲ್ಲ. ಏಳು ವರ್ಷಗಳಿಂದ ತಿರುಗಿರಲಿಲ್ಲ. ಭಾನುವಾರದ ಪ್ರಾರ್ಥನೆಗೆ ಚಾಪೆಲ್ಲಿನಲ್ಲಿ ಕೂತಾಗ ಇಬ್ಬರ ನಡುವೆ ಎರಡೇ ಬೆಂಚು, ಆದರೂ ಹಾಡಿನ ಪುಸ್ತಕ ಕೊಡಬೇಕಾದಾಗ ಮೂರನೆಯವರ ಕೈಯಿಂದ ದಾಟಿಸುತ್ತಿದ್ದರು. ಮಿಸೆಸ್ ಪ್ಯೂ ಪ್ರದರ್ಶನ ಸಮಿತಿಯ ಕಾರ್ಯದರ್ಶಿ, ಇಪ್ಪತ್ತಾರು ವರ್ಷದಿಂದ. ಎರಡು ಸಾವಿರದ ಹತ್ತರ ಆಗಸ್ಟಿನಲ್ಲಿ ನೆರಿಸ್ ಹೆಂಚಿನ ಮೇಲೆ ಬೇಯಿಸಿ ತಂದ ಕೇಕುಗಳ ತಟ್ಟೆಯ ಮುಂದೆ ನಿಂತು, ಕನ್ನಡಕ ಮೂಗಿಗಿಳಿಸಿ, 'ನಿಯಮದಂತೆ ಇಲ್ಲ' ಎಂಬ ಚೀಟಿಯನ್ನು ಒರಗಿಸಿ ಹೋದವಳು ಅವಳೇ. ನಿಯಮದಲ್ಲಿ 'ಸಾದಾ' ಎಂದಿತ್ತು. ನೆರಿಸ್ ಮೇಲೆ ಸಕ್ಕರೆ ಉದುರಿಸಿದ್ದಳು. ಅವಳು ದಕ್ಷಿಣದ ಗಣಿ ಕಣಿವೆಯವಳು. ಅಲ್ಲಿ ಸಕ್ಕರೆ ಉದುರಿಸದ ಕೇಕನ್ನು ಸಾವಿನ ಮನೆಗೂ ಒಯ್ಯುವುದಿಲ್ಲ. ತೀರ್ಪುಗಾರ ರುಚಿ ಕೂಡ ನೋಡಲಿಲ್ಲ. ನೆರಿಸಳ ಹೆಸರು ಆ ವರ್ಷದ ಪಟ್ಟಿಯಿಂದ ಹೋದದ್ದು ಹಾಗೆ.

ಅಂದು ಸಂಜೆಯೇ ಅವಳು ಒಂದು ಕಾಗದ ಬರೆದಿದ್ದಳು.

ಕಾಗದದ ನೆನಪು ಬಂದದ್ದೇ ಅವಳ ಕಿವಿ ಬಿಸಿಯಾಯಿತು. ಅದರಲ್ಲಿ ಏನಿತ್ತೆಂದು ಅವಳಿಗೆ ಅಕ್ಷರ ಅಕ್ಷರ ಗೊತ್ತು. ಅದನ್ನು ಇಷ್ಟು ಜನರ ಮುಂದೆ ಬಿಚ್ಚುವುದಕ್ಕಿಂತ ಇನ್ನೂ ಹತ್ತು ವರ್ಷ ಕ್ಯಾರವಾನಿನಲ್ಲಿ ಇರುವುದೇ ಮೇಲು ಎನ್ನಿಸಿತು. ಆಮೇಲೆ ಪರದೆಯ ಅಳತೆ ತೆಗೆಯುತ್ತಿದ್ದ ಆ ಹೆಂಗಸು ಕಣ್ಣಮುಂದೆ ಬಂದಳು. ಟೇಪಿನ ತುದಿಯನ್ನು ಹಲ್ಲಲ್ಲಿ ಕಚ್ಚಿಕೊಂಡಿದ್ದಳು.

"ಆ ವರ್ಷ ನಾನೊಂದು ಕಾಗದ ಬರೆದಿದ್ದೆ," ಎಂದಳು ನೆರಿಸ್. "ಪ್ರದರ್ಶನ ಸಮಿತಿಗೆ. ತಾರೀಖು, ವಿಳಾಸ ಎಲ್ಲ ಹಾಕಿದ್ದೆ. ಈಗ ಇದೆಯೋ ಇಲ್ವೋ ಗೊತ್ತಿಲ್ಲ. ನಾನಾಗಿದ್ರೆ ಒಲೆಗೆ ಹಾಕ್ತಿದ್ದೆ."

ಇವೋರ್ ತನ್ನ ಟೋಪಿಯೊಳಗೆ ಏನನ್ನೋ ಹುಡುಕತೊಡಗಿದ. ಕೊನೆಯ ಸಾಲಿನಲ್ಲಿ ಕುರ್ಚಿ ಕಿರುಗುಟ್ಟಿತು. ಮಿಸೆಸ್ ಪ್ಯೂ ಎದ್ದಳು, ಕೋಟಿನ ಗುಂಡಿಗಳನ್ನು ಕೆಳಗಿನಿಂದ ಮೇಲಕ್ಕೆ ಒಂದೊಂದಾಗಿ ಹಾಕಿಕೊಂಡಳು, ಯಾರತ್ತಲೂ ನೋಡದೆ ಬಾಗಿಲು ತೆರೆದು ಮಳೆಗೆ ನಡೆದಳು.

"ಮುಗೀತು ಬಿಡು," ಎಂದ ಇವೋರ್, ಮೆಲ್ಲಗೆ.

ಗೆಥಿನ್ ಗಡಿಯಾರ ನೋಡಿದ. ಅವನಿಗೆ ಹನ್ನೆರಡಕ್ಕೆ ಇನ್ನೊಂದು ಊರಿನಲ್ಲಿ ಕೆಲಸವಿತ್ತು. ಯಾರೋ ಟೀ ಸುರಿದರು, ಯಾರೂ ಕುಡಿಯಲಿಲ್ಲ. ಅವನು ಹಾಳೆಗಳನ್ನು ಒಟ್ಟುಗೂಡಿಸಿ ಮೇಜಿಗೆ ಕುಟ್ಟಿ ಅಂಚು ಸರಿಮಾಡಿದ. ನೆರಿಸ್ ಕೋಟಿಗೆ ಕೈಹಾಕಿದಳು, ಒಂದು ತೋಳು ಸೇರಿಸಿದಳು, ಇನ್ನೊಂದು ತೋಳು ಎಲ್ಲಿದೆಯೆಂದು ಹಿಂದಕ್ಕೆ ತಡಕುತ್ತಿದ್ದಳು.

ಬಾಗಿಲು ತೆರೆಯಿತು.

ಮಿಸೆಸ್ ಪ್ಯೂಳ ಕೂದಲು ಹಣೆಗೆ ಅಂಟಿತ್ತು. ಮುಂದಕ್ಕೆ ಬಂದು, ಕೋಟಿನೊಳಗಿಂದ ಪ್ಲಾಸ್ಟಿಕ್ ಚೀಲ, ಚೀಲದೊಳಗಿಂದ ಸಮಿತಿಯ ನಡಾವಳಿ ಬರೆದಿಡುವ, ಕಪ್ಪು ರಟ್ಟಿನ ದಪ್ಪ ಪುಸ್ತಕ ತೆಗೆದಳು. ಗೆಥಿನ್ ಕೈ ಚಾಚಿದ. ಅವಳು ಕೊಡಲಿಲ್ಲ.

"ನಾನೇ ಓದ್ತೀನಿ. ಬಂದ ಕಾಗದಗಳನ್ನೆಲ್ಲ ಬಂದ ದಿನವೇ ಇದ್ರಲ್ಲಿ ನಕಲು ಮಾಡಿಟ್ಟಿದೀನಿ. ನನ್ನ ಅಕ್ಷರ ನಂಗೇ ಅರ್ಥ ಆಗೋದು. ನೀನು ಮಿಲ್ ಮನೆ ಗ್ವೆನೋಳ ಮೊಮ್ಮಗ ಅಲ್ವೇನಪ್ಪ?"

"ಹೌದು, ಮಿಸೆಸ್ ಪ್ಯೂ."

"ತೊಂಬತ್ನಾಲ್ಕರಲ್ಲಿ ನಿಮ್ಮಜ್ಜಿ ತಂದಿದ್ದ ಸ್ಪಂಜ್ ಕೇಕು ನಡುವೆ ಕುಸಿದಿತ್ತು. ಅದೂ ಇದರಲ್ಲೇ ಇದೆ. ಕೂತ್ಕೊ."

ಗೆಥಿನ್ ಕೂತ. ಅವಳು ಪುಸ್ತಕವನ್ನು ಎರಡೂ ಕೈಯಲ್ಲಿ ಎದೆಮಟ್ಟಕ್ಕೆ ಹಿಡಿದು, ಚಾಪೆಲ್ಲಿನಲ್ಲಿ ಪಾಠ ಓದುವಂತೆ ಗಂಟಲು ಸರಿಮಾಡಿಕೊಂಡು ಶುರುಮಾಡಿದಳು.

"ಆಗಸ್ಟ್ ಇಪ್ಪತ್ತೊಂದು, ಎರಡು ಸಾವಿರದ ಹತ್ತು. ಕ್ಯಾರವಾನ್, ಕೊಟ್ಟಿಗೆಯ ಹಿಂಭಾಗ, ಬ್ರಿನ್ ತೋಟ, ಕುಮ್ ಹೆಸ್ಗಿನ್. ಕಾರ್ಯದರ್ಶಿಗಳಿಗೆ. ನನ್ನ ಕೇಕುಗಳನ್ನು ರುಚಿ ನೋಡದೆ ತಳ್ಳಿಹಾಕಿದ್ದೀರಿ. ನಿಮ್ಮ ನಾಲಿಗೆಗೆ ರುಚಿ ಇದ್ದರಲ್ಲವೇ ನೋಡುವುದು."

ಯಾರೋ ಕೆಮ್ಮಿದರು.

"ಇಲ್ಲಿವರೆಗೆ ಸಾಕು, ಮಿಸೆಸ್ ಪ್ಯೂ," ಎಂದ ಗೆಥಿನ್. "ತಾರೀಖು, ವಿಳಾಸ ಸಿಕ್ತು."

"ಅರ್ಧ ದಾಖಲೆ ದಾಖಲೆ ಅಲ್ಲ," ಎಂದು ಅವಳು ಮುಂದುವರಿಸಿದಳು. "ನಿಮ್ಮ ಮೋರೆಗೆ ಒಂದು ಮೂಟೆ ಸಕ್ಕರೆ ಸುರಿದರೂ ಒಂದು ಇರುವೆ ಹತ್ತಿರ ಬರುವುದಿಲ್ಲ. ಮಿಸ್ಟರ್ ಪ್ಯೂ ಬೇಗ ತೀರಿಕೊಂಡದ್ದು ಕಾಯಿಲೆಯಿಂದ ಎಂದು ನೀವು ಹೇಳುತ್ತೀರಿ. ಸಾದಾ ಕೇಕು ತಿಂದೂ ತಿಂದೂ ಎಂದು ನಾನು ಹೇಳುತ್ತೇನೆ. ಇಂತಿ, ನೆರಿಸ್ ಪ್ರೋಬರ್ಟ್."

ಒಂದು ಪದವನ್ನೂ ಬಿಡಲಿಲ್ಲ; ಒಂದು ಕಡೆಯೂ ದನಿ ತಗ್ಗಿಸಲಿಲ್ಲ. ನೆರಿಸ್ ಮೇಜಿನ ಅಂಚನ್ನು ಹಿಡಿದು ನಿಂತಿದ್ದಳು. ಇವೋರನ ಭುಜಗಳು ಕುಲುಕುತ್ತಿದ್ದವು, ಟೋಪಿ ಬಾಯಿಗೆ ಒತ್ತಿತ್ತು.

ಗೆಥಿನ್ ಪೆನ್ನಿನ ತುದಿ ನೋಡುತ್ತ, "ಆಗಸ್ಟ್ ಆಯ್ತು," ಎಂದ. "ಆದ್ರೆ ಬೇಸಿಗೇಲಿ ಯಾರು ಬೇಕಾದ್ರೂ ಕ್ಯಾರವಾನಲ್ಲಿ ಇರ್ತಾರೆ. ಮೇಲಿನವರು ಕೇಳೋದು ಚಳಿಗಾಲ. ಚಳಿಗಾಲದ್ದು ಏನಾದ್ರೂ..."

"ಅವಸರ ಮಾಡ್ಬೇಡ. ನಿಮ್ಮಜ್ಜಿದೂ ಅದೇ ಕತೆ, ಕೇಕು ಬೇಯೋಕೆ ಮುಂಚೆ ಒಲೆ ಬಾಗಿಲು ತೆಗೀತಿದ್ಲು." ಮಿಸೆಸ್ ಪ್ಯೂ ಬೆರಳು ಒದ್ದೆಮಾಡಿ ಎರಡು ಪುಟ ತಿರುಗಿಸಿದಳು. "ಡಿಸೆಂಬರ್ ಹದಿನೆಂಟು. ಹಿಮದಿಂದ ಅಂಚೆ ನಿಂತಿರುವ ಕಾರಣ, ಸಮಿತಿಯ ಉತ್ತರವನ್ನು ಕಾರ್ಯದರ್ಶಿ ಖುದ್ದಾಗಿ ಬ್ರಿನ್ ತೋಟಕ್ಕೆ ನಡೆದು ಒಯ್ದರು. ಹಿಮ ಮೊಣಕಾಲಿನವರೆಗೆ. ಕ್ಯಾರವಾನಿನ ಕೊಳವೆಯಲ್ಲಿ ಹೊಗೆ ಬರುತ್ತಿತ್ತು. ಒಳಗೆ ರೇಡಿಯೋ ಹಾಡುತ್ತಿತ್ತು. ಮೂರು ಸಲ ಬಾಗಿಲು ಬಡಿಯಲಾಯಿತು. ರೇಡಿಯೋ ನಿಂತಿತು. ಬಾಗಿಲು ತೆರೆಯಲಿಲ್ಲ. ಉತ್ತರವನ್ನು ಬಾಗಿಲಡಿ ತೂರಿಸಿ ಬರಲಾಯಿತು."

ಅವಳು ಪುಸ್ತಕದ ಮೇಲಿನಿಂದ ನೆರಿಸಳನ್ನು ನೋಡಿದಳು. ಏಳು ವರ್ಷದಲ್ಲಿ ಮೊದಲ ಸಲ.

"ಒಳಗೆ ಇದ್ರೋ ಇಲ್ವೋ, ಮಿಸ್ ಪ್ರೋಬರ್ಟ್?"

"ಇದ್ದೆ," ಎಂದಳು ನೆರಿಸ್. "ಮಂಚದ ಕೆಳಗೆ."

ಆಗ ಇವೋರನಿಗೆ ತಡೆಯಲಾಗಲಿಲ್ಲ. ಅವನ ನಗೆ ಹಾಲಿನ ಮಾಡಿಗೆ ಬಡಿದು ಕೆಳಗಿಳಿಯುವಷ್ಟರಲ್ಲಿ ಎಲ್ಲರೂ ನಗುತ್ತಿದ್ದರು, ಗೆಥಿನ್ ಕೂಡ. ನಗುತ್ತಲೇ ಅವನು ಪುಸ್ತಕದ ಆ ಎರಡು ಪುಟಗಳ ಫೋಟೊ ತೆಗೆದುಕೊಂಡ, ಪಾರಂನಲ್ಲಿ ಖಾಲಿಯಿದ್ದ ಚೌಕದೊಳಗೆ ಏನನ್ನೋ ಬರೆದ, ಮಿಸೆಸ್ ಪ್ಯೂಳತ್ತ ಪೆನ್ನು ಚಾಚಿದ. ಅವಳು ನಿಂತೇ ಸಹಿ ಹಾಕಿದಳು, ಪೂರ್ತಿ ಹೆಸರು, ಕೆಳಗೊಂದು ಗೆರೆ. ಅವನು ಮುದ್ರೆಯನ್ನು ಉಸಿರಿನಿಂದ ಬೆಚ್ಚಗೆ ಮಾಡಿ ಒತ್ತಿದ. ಹಿಂದಿನ ಸಾಲಿನಲ್ಲಿ ಒಬ್ಬರು ಚಪ್ಪಾಳೆ ಶುರುಮಾಡಿದರು, ಆಮೇಲೆ ಅದು ಒಬ್ಬರದಾಗಿ ಉಳಿಯಲಿಲ್ಲ. ನೆರಿಸಳ ಕೋಟಿನ ಒಂದು ತೋಳು ಇನ್ನೂ ಜೋತಾಡುತ್ತಿತ್ತು. ಜನ ಬಂದು ಬಂದು ಆ ಖಾಲಿ ತೋಳನ್ನೇ ಹಿಡಿದು ಕುಲುಕಿದರು.

ಹೊರಗೆ ಮಳೆ ಸಣ್ಣಗಾಗಿತ್ತು. ಮಿಸೆಸ್ ಪ್ಯೂ ಪುಸ್ತಕವನ್ನು ಮತ್ತೆ ಪ್ಲಾಸ್ಟಿಕ್ಕಿನಲ್ಲಿ ಸುತ್ತುತ್ತಿದ್ದಾಗ ನೆರಿಸ್ ಗೇಟಿನ ಬಳಿ ಅವಳನ್ನು ಹಿಡಿದಳು.

"ಅವತ್ತು ನೀವು ತಂದ ಉತ್ತರ... ನಾನು ಓದಲೇ ಇಲ್ಲ. ಹಾಗೇ ಒಲೆಗೆ ಹಾಕಿದೆ."

"ಅಂದ್ಕೊಂಡೆ."

"ಅದ್ರಲ್ಲಿ ಏನಿತ್ತು?"

"ನಿಯಮ ನಾಲ್ಕು, ಉಪನಿಯಮ ಎರಡು. ಸಾದಾ ಅಂದ್ರೆ ಸಾದಾ." ಮಿಸೆಸ್ ಪ್ಯೂ ಚೀಲದ ಬಾಯಿಗೆ ಗಂಟು ಹಾಕಿದಳು. "ಮಿಸ್ಟರ್ ಪ್ಯೂ ಸಕ್ಕರೆ ಇದ್ದದ್ದನ್ನೇ ಕೇಳ್ತಿದ್ರು, ಕೊನೆವರೆಗೂ. ಡಾಕ್ಟ್ರು ಬೇಡ ಅಂದಿದ್ರು."

ನೆರಿಸ್ ಜೋತುಬಿದ್ದಿದ್ದ ಕೋಟಿನ ತೋಳಿಗೆ ಕೈ ಸೇರಿಸಿದಳು.

"ಟೀ ಇಸಾ ಒಲೆ ಮೊದಲು ಹೊಗೆ ಉಗುಳತ್ತೆ," ಎಂದಳು ಮಿಸೆಸ್ ಪ್ಯೂ, ರಸ್ತೆಗಿಳಿಯುತ್ತ. "ಕಿಟಕಿ ಒಂದಿಂಚು ತೆಗೆದಿಡಿ. ಜಾಸ್ತಿ ಬೇಡ, ಕುರಿ ತಲೆ ತೂರಿಸತ್ತೆ."

ಮೇ ತಿಂಗಳ ಎರಡನೆಯ ವಾರ ಕೀಲಿಕೈ ಬಂತು. ಇವೋರ್ ಟ್ರ್ಯಾಕ್ಟರಿನ ಹಿಂದೆ ಅವಳ ಸಾಮಾನು ತಂದ. ಎಂಟು ಪೆಟ್ಟಿಗೆ, ಒಂದು ಹೆಂಚು, ಒಂದು ಕುರ್ಚಿ. "ಇಷ್ಟೇನಾ? ನನ್ನ ನಾಯಿಗೆ ಇದಕ್ಕಿಂತ ಜಾಸ್ತಿ ಆಸ್ತಿ ಇದೆ," ಎಂದು ಬೈದು, ಟೀ ಕುಡಿದು, ಕುರ್ಚಿಯ ಮೇಲೆ ಒಂದು ಸಲ ಕೂತು ನೋಡಿ ಹೋದ.

ಅವನ ಟ್ರ್ಯಾಕ್ಟರಿನ ಸದ್ದು ಸೇತುವೆ ದಾಟಿದ ಮೇಲೆ ನೆರಿಸ್ ಬೂಟು ಬಿಚ್ಚಿದಳು. ಮಧ್ಯಾಹ್ನದ ಬಿಸಿಲು ಅಡುಗೆಮನೆಯ ಕಲ್ಲುನೆಲದ ಮೇಲೆ ಅರ್ಧದವರೆಗೆ ಬಂದಿತ್ತು. ಮನೆಯ ನಡುವೆ ಮರದ ಮೆಟ್ಟಿಲು, ಕಡಿದಾಗಿ, ಒಂದು ಕಡೆಗೆ ತುಸು ವಾಲಿಕೊಂಡು ಮೇಲಕ್ಕೆ ಹೋಗುತ್ತಿತ್ತು. ಹತ್ತು ವರ್ಷ ಅವಳು ಕೈಚಾಚಿದರೆ ಒಲೆ, ಕಾಲುಚಾಚಿದರೆ ಬಾಗಿಲು ಸಿಗುವಲ್ಲಿ ಮಲಗಿದ್ದಳು. ಬರಿಗಾಲಲ್ಲಿ ಮೆಟ್ಟಿಲು ಹತ್ತಿದಳು. ಮೇಲೆ ಖಾಲಿ ಕೋಣೆ, ಕಿಟಕಿಯಾಚೆ ಬೆಟ್ಟ. ಅಲ್ಲಿ ಮಾಡುವಂಥದ್ದೇನೂ ಇರಲಿಲ್ಲ. ಇಳಿದು ಬಂದಳು. ಕೆಳಗಿನ ಮೆಟ್ಟಿಲಲ್ಲಿ, ಬೇರೆಯವರ ಅಂಗೈಗಳಿಂದ ನುಣುಪಾಗಿದ್ದ ಕಂಬವನ್ನು ಹಿಡಿದು ಒಂದು ಗಳಿಗೆ ನಿಂತಳು.

ಮತ್ತೆ ಹತ್ತಿದಳು.