ಉಮ್ಮ್ ರಾಕಾನ್ ತಂದ ಸಂಬಂಧ

ಗಂಡನಿಗೆ ಹೆಣ್ಣು ಕೇಳಲು ಹೆಂಡತಿಯೇ ಬರುತ್ತಾಳೆಂದರೆ ನಂಬುತ್ತೀರಾ? ನನ್ನ ಮನೆಗೆ ಬಂದಿದ್ದಳು. ಒಂದು ಕೈಯಲ್ಲಿ ಖರ್ಜೂರದ ಡಬ್ಬಿ, ಇನ್ನೊಂದರಲ್ಲಿ ಏಲಕ್ಕಿ ಕಾಫಿಯ ಫ್ಲಾಸ್ಕು.

ನಾನು ಅವಾತಿಫ್, ಈಜಿಪ್ಟಿನ ಮನ್ಸೂರಾದವಳು. ಗಂಡನ ಜೊತೆ ಸೌದಿಯ ಬುರೈದಾಕ್ಕೆ ಬಂದೆ, ಅವರು ಅಲ್ಲೇ ತೀರಿಕೊಂಡರು, ನಾನು ಅಲ್ಲೇ ಒಂದು ಖಾಸಗಿ ಹೆಣ್ಣುಮಕ್ಕಳ ಶಾಲೆಯಲ್ಲಿ ಲೆಕ್ಕ ಕಲಿಸುತ್ತ ಹನ್ನೊಂದು ವರ್ಷ ಕಳೆದೆ. ಶಾಲೆ ನಡೆಸುತ್ತಿದ್ದವನು ಅಬು ರಾಕಾನ್. ಮಹಾ ದೈವಭಕ್ತ! ಮೀಟಿಂಗಿನಲ್ಲಿ ಅವನು ಪಕ್ಕದ ಕೋಣೆಯಿಂದ ಮೈಕಿನಲ್ಲಿ ಮಾತಾಡುತ್ತಿದ್ದ, ನಾವು ಚೀಟಿ ಬರೆದು ಕಳಿಸಬೇಕಿತ್ತು. ಹೆಂಗಸಿನ ದನಿ ಕಿವಿಗೆ ಬಿದ್ದರೂ ಅವನಿಗೆ ಪಾಪ ಅಂಟುತ್ತಿತ್ತಂತೆ. ಉಮ್ಮ್ ರಾಕಾನ್ ಅವನ ಹೆಂಡತಿ. ಮಗುವಿನ ಹೆಸರು ಹಿಡಿದು ಅಪ್ಪನನ್ನು ಅಬು, ಅಮ್ಮನನ್ನು ಉಮ್ಮ್ ಎನ್ನುವುದು ಅಲ್ಲಿನ ರೂಢಿ. ಅವಳ ಇಬ್ಬರು ಹೆಣ್ಣುಮಕ್ಕಳಿಗೆ ಮನೆಪಾಠ ಹೇಳಿದವಳು ನಾನೇ.

ಆಗ ಊರಿನಲ್ಲಿ ನನ್ನ ಮಗಳು ರಿಹಾಬ್ ತುಂಬು ಗರ್ಭಿಣಿ. ಬಿಪಿ ಏರುತ್ತಿದೆ, ಇಪ್ಪತ್ತನೇ ತಾರೀಕು ಆಪರೇಷನ್ ಮಾಡಿಯೇ ತೀರಬೇಕು ಎಂದಿದ್ದರು ಡಾಕ್ಟರು. ಫೋನ್ ಮಾಡಿದಾಗಲೆಲ್ಲ ಒಂದೇ ಮಾತು, ಅಮ್ಮ ಯಾವಾಗ ಬರ್ತೀಯ. ಕೆಲಸ ಕೊಟ್ಟ ಮಾಲೀಕನಾದ ಅಬು ರಾಕಾನನ ಸಹಿ ಇಲ್ಲದೆ ನಾನು ಆ ದೇಶ ಬಿಡುವಂತಿರಲಿಲ್ಲ. ಪಾಸ್‌ಪೋರ್ಟೂ ಅವನ ಬೀರುವಿನಲ್ಲೇ ಇತ್ತು. ಅರ್ಜಿ ಕೊಟ್ಟು ಮೂರು ವಾರವಾಗಿತ್ತು, ಆಫೀಸಿನವರು ನಾಳೆ ಬನ್ನಿ ಎನ್ನುವುದನ್ನು ಬಿಟ್ಟರೆ ಬೇರೆ ಮಾತಿಲ್ಲ.

ಆ ಸಹಿ ಯಾಕೆ ತಡವಾಯಿತೆಂದು ಉಮ್ಮ್ ರಾಕಾನ್ ಕಾಫಿ ಬಗ್ಗಿಸುತ್ತ ಬಿಡಿಸಿ ಹೇಳಿದಳು. ಅವಳ ಗಂಡನಿಗೆ ಇನ್ನೊಂದು ನಿಕಾಹ್ ಬೇಕಂತೆ. ಮನೆ ಕೊಡಬೇಕಿಲ್ಲ, ಖರ್ಚು ಕೊಡಬೇಕಿಲ್ಲ, ಊರಿಗೆ ಹೇಳಬೇಕಿಲ್ಲ, ಮನಸ್ಸು ಬಂದಾಗ ಬಂದು ಹೋದರಾಯಿತು. ಮಿಸ್ಯಾರ್ ಎಂದು ಅದಕ್ಕೊಂದು ಹೆಸರು ಬೇರೆ. ನಿಕಾಹ್ ಆದ ಮಾರನೆಯ ದಿನವೇ ಸಹಿ, ಮಗಳ ಹತ್ತಿರ ಒಂದು ತಿಂಗಳು ಇದ್ದು ಬರಬಹುದು ಎಂದಳು.

ನಿಮಗೆ ಹೇಗೆ ಮನಸ್ಸು ಬಂತು ಎಂದು ಕೇಳಿದೆ.

"ನೋಡಿ ಉಮ್ಮ್ ರಿಹಾಬ್, ಬೇಡ ಅಂದ್ರೆ ಈ ಗಂಡಸರು ಕೇಳ್ತಾರಾ? ಇಪ್ಪತ್ತು ವರ್ಷದವಳನ್ನ ತಂದ್ರೆ ಅವಳು ಹೆರ್ತಾಳೆ, ನನ್ನ ಮಕ್ಕಳ ಆಸ್ತೀಲಿ ಪಾಲು ಕೇಳ್ತಾಳೆ. ನಿಮಗೆ ಹೇಗೂ ಮುಟ್ಟು ನಿಂತಿರಬೇಕು. ನೀವಾದ್ರೆ ಆ ತಾಪತ್ರಯ ಇಲ್ಲ."

ಥೂ! ಸಂತೆಯಲ್ಲಿ ಎಮ್ಮೆಯ ಹಲ್ಲು ಎಣಿಸುವವರಿಗೂ ಇಷ್ಟು ನಿರ್ಲಜ್ಜತನ ಇರಲಾರದು. ಬಾಯಲ್ಲಿದ್ದ ಖರ್ಜೂರವನ್ನು ನುಂಗಲೂ ಆಗಲಿಲ್ಲ, ಉಗಿಯಲೂ ಆಗಲಿಲ್ಲ. ಯೋಚಿಸಿ ಹೇಳುತ್ತೇನೆಂದು ಅವಳನ್ನು ಸಾಗಹಾಕಿ ತಮ್ಮ ಶೌಕಿಗೆ ಫೋನ್ ಮಾಡಿದೆ. ಅಪ್ಪ ಇಲ್ಲದ ನಮ್ಮ ಮನೆಯಲ್ಲಿ ನನ್ನ ನಿಕಾಹಿಗೆ ವಲಿ ಅವನೇ, ನನ್ನನ್ನು ಕೊಡುವ ಹಕ್ಕಿನ ಗಂಡಸು. ಅವನು ಬೇಡವೆಂದರೆ ಅಬು ರಾಕಾನ್ ಬಾಯಿ ಮುಚ್ಚಿಕೊಳ್ಳುತ್ತಾನೆ ಎಂದುಕೊಂಡಿದ್ದೆ.

ಶೌಕಿಗೆ ಆಗಲೇ ಎಲ್ಲ ಗೊತ್ತಿತ್ತು. ಶುಕ್ರವಾರವೇ ಅಬು ರಾಕಾನ್ ಫೋನ್ ಮಾಡಿದ್ದನಂತೆ, ಇವನು ಒಪ್ಪಿಗೆಯನ್ನೂ ಕೊಟ್ಟಾಗಿತ್ತು. ಬದಲಿಗೆ ಇವನ ಮಗನಿಗೆ ಶಾಲೆಯಲ್ಲಿ ಡ್ರೈವರ್ ಕೆಲಸ, ವೀಸಾ.

"ಹಲಾಲ್ ಅಲ್ವಾ ಅಕ್ಕಾ? ಅವರೇನು ಕದ್ದುಮುಚ್ಚಿ ಹಾದರಕ್ಕೆ ಕರೀತಿದಾರಾ? ನೀನು ಹ್ಞೂಂ ಅಂದ್ರೆ ಎಲ್ಲರ ದೋಣೀನೂ ದಡ ಸೇರುತ್ತೆ."

ಇವನ ಮೂಗೊರೆಸಿ, ಕುಂಡೆ ತೊಳೆದು ಬೆಳೆಸಿದವಳು ನಾನು. ಫೋನ್ ಇಟ್ಟು, ಉಮ್ಮ್ ರಾಕಾನ್ ಬಿಟ್ಟುಹೋಗಿದ್ದ ಖರ್ಜೂರದ ಡಬ್ಬಿಯನ್ನು ಕಸದ ಬುಟ್ಟಿಗೆ ಸುರಿದೆ.

ಮಾರನೆಯ ಮಧ್ಯಾಹ್ನ ಉಮ್ಮ್ ರಾಕಾನಳ ಮನೆಗೆ ಹೋಗಿ ಒಪ್ಪಿದ್ದೇನೆ ಎಂದೆ. ಖುಷಿಯಿಂದ ಕೆನ್ನೆಗೆ ಮುತ್ತಿಟ್ಟಳು. ಅಷ್ಟರಲ್ಲಿ ಇಳಿಹೊತ್ತಿನ ಅಸರ್ ನಮಾಜಿನ ಅಜಾನ್ ಕೂಗಿತು. ಅವಳು ಎದ್ದು ಚಾಪೆ ಹಾಸಿ, ಬನ್ನಿ, ಒಟ್ಟಿಗೇ ಮಾಡೋಣ ಎಂದು ಕರೆದಳು. ನಾನು ಕೂತಲ್ಲಿಂದ ಏಳಲಿಲ್ಲ.

"ನೀವು ಮಾಡಿ. ನನಗೆ ಈ ವಾರ ನಮಾಜ್ ಇಲ್ಲ."

ಮುಟ್ಟಾದವಳು ನಮಾಜ್ ಮಾಡುವಂತಿಲ್ಲ. ಇದಕ್ಕಿಂತ ಹೆಚ್ಚೇನೂ ನಾನು ಹೇಳಬೇಕಾಗಿರಲಿಲ್ಲ. ನಿಜಕ್ಕೂ ನನ್ನದು ನಿಂತು ಎರಡು ವರ್ಷವಾಗಿತ್ತು. ಉಮ್ಮ್ ರಾಕಾನ್ ಚಾಪೆಯ ಮೇಲೆ ನಿಂತು ನನ್ನ ಹೊಟ್ಟೆಯನ್ನೇ ನೋಡಿದಳು. ಇನ್ನೂ ಬರುತ್ತಾ ಎಂದಳು, ಸಣ್ಣ ದನಿಯಲ್ಲಿ.

"ತಪ್ಪದೆ ಬರುತ್ತೆ. ನಮ್ಮಮ್ಮ ಶೌಕೀನ ಹೆತ್ತಾಗ ಅವಳಿಗೆ ನಲವತ್ತೆಂಟು. ನನಗಿನ್ನೂ ನಲವತ್ತಾರು."

ಅವಳು ನಮಾಜ್ ಮುಗಿಸಲು ಬಹಳ ಹೊತ್ತು ಹಿಡಿಯಿತು. ಮುಗಿಸಿ, ನಿಮ್ಮನ್ನು ಊರಿಗೆ ಕಳಿಸಿಬಿಟ್ಟರೆ ವಾಪಸು ಬರುವುದಿಲ್ಲ ತಾನೇ ಎಂದಳು. ಬರುವುದಿಲ್ಲ ಎಂದೆ. ಶಾಲೆಯ ಪರವಾನಗಿ ಅವಳ ಅಪ್ಪನ ಹೆಸರಿನಲ್ಲಿತ್ತು. ಅವಳು ಅವನ ಹತ್ತಿರ ಹೋದಳು, ಆ ಮುದುಕ ತನ್ನ ಅಳಿಯನಿಗೆ ಏನು ಹೇಳಿದನೋ, ನಾಲ್ಕನೆಯ ದಿನ ಪಾಸ್‌ಪೋರ್ಟು ಕೈಗೆ ಬಂತು, ಮತ್ತೆಂದೂ ಆ ದೇಶಕ್ಕೆ ಕಾಲಿಡುವಂತಿಲ್ಲವೆಂಬ ಮುದ್ರೆಯೊಂದಿಗೆ.

ಗೆದ್ದೆನೆಂದು ನನಗೆ ಅನಿಸಲಿಲ್ಲ. ಅವರ ಮೇಲೆ ಹೇಸಿಗೆ ಇತ್ತು, ಸರಿ. ಆದರೆ ಮೂವತ್ತು ವರ್ಷದಲ್ಲಿ ಒಂದು ಹೊತ್ತಿನ ನಮಾಜನ್ನೂ ಬೇಕೆಂದೇ ಬಿಟ್ಟವಳಲ್ಲ ನಾನು. ಅಲ್ಲಾಹನ ಎದುರು ನಿಲ್ಲಬೇಕಾದ ಹೊತ್ತಿನಲ್ಲಿ, ಆ ಹೆಂಗಸಿನ ಸೋಫಾದ ಮೇಲೆ ಕೂತು ನನ್ನ ಗರ್ಭಕೋಶದ ಬಗ್ಗೆ ಸುಳ್ಳು ಹೇಳಿದ್ದೆ. ನನ್ನ ಮೇಲೂ ಹೇಸಿಗೆಯಾಯಿತು.

ಇಪ್ಪತ್ತನೇ ತಾರೀಕು ರಿಹಾಬ್ ಹೆಣ್ಣು ಹೆತ್ತಳು. ಇಬ್ಬರೂ ಕ್ಷೇಮ. ನರ್ಸು ಕೂಸನ್ನು ಒರೆಸಿ ನನ್ನ ಕೈಗೆ ಕೊಟ್ಟಳು. ಶೌಕಿಯೂ ಬಂದಿದ್ದ, ಮಗನ ವೀಸಾ ತಪ್ಪಿಸಿದೆನೆಂಬ ಕೋಪದಲ್ಲಿ ಮುಖ ಊದಿಸಿಕೊಂಡು. ನನ್ನ ಅಳಿಯ ಏನೂ ಅರಿಯದವನು, ಹುಟ್ಟಿದ ಕೂಸಿನ ಕಿವಿಗೆ ಮೊದಲು ಬೀಳಬೇಕಾದ ಅಜಾನ್ ಹೇಳಲು ಮನೆಯ ಹಿರಿಯ ಗಂಡಸೆಂದು ಅವನನ್ನೇ ಕರೆದ. ಶೌಕಿ ಗಂಟಲು ಸರಿಪಡಿಸಿಕೊಂಡು ಕೈ ಚಾಚಿದ.

"ಕೊಡಲ್ಲ, ನಾನೇ ಹೇಳ್ತೀನಿ," ಎಂದೆ.

ಏನಕ್ಕಾ ಇದು, ಹೆಂಗಸರು ಅಜಾನ್ ಹೇಳುವುದು ಎಲ್ಲಾದರೂ ಉಂಟಾ ಎಂದು ನಗಾಡಿದ. ನಾನು ಕೂಸನ್ನು ಎದೆಗೊತ್ತಿಕೊಂಡು, ಅದರ ಬಲಗಿವಿಗೆ ಬಾಯಿಟ್ಟು, ಮೊದಲಿಂದ ಕೊನೆಯವರೆಗೆ ನಾನೇ ಹೇಳಿದೆ. ಮುಗಿಯುವವರೆಗೂ ಅವನು ಕೈ ಚಾಚಿಕೊಂಡೇ ನಿಂತಿದ್ದ.